ಭಾನುವಾರದ ರೈಲು, ಡಬ್ಬಿಯಲ್ಲಿ ಚಿತ್ರಾನ್ನ

ಜರ್ಮನಿಯಲ್ಲಿ ಭಾನುವಾರ ಅಂದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡ ಹಾಗೆ. ದಿನಸಿ ಅಂಗಡಿ, ಬಟ್ಟೆ ಅಂಗಡಿ, ಮಾಲ್ ಎಲ್ಲವೂ ಬಂದ್. ಇದು ಅಂಗಡಿಯವರ ಇಷ್ಟವಲ್ಲ, ಕಾನೂನು. ಶನಿವಾರ ಸಂಜೆಯೊಳಗೆ ಹಾಲು, ತರಕಾರಿ ತಂದಿಟ್ಟುಕೊಳ್ಳದಿದ್ದರೆ ಸೋಮವಾರದವರೆಗೆ ಅನ್ನಕ್ಕೆ ಉಪ್ಪಿನಕಾಯಿಯೇ ಗತಿ. ಗೋಡೆಗೆ ಮೊಳೆ ಹೊಡೆದರೂ ಪಕ್ಕದವರು ಬಂದು "ಇವತ್ತು ಭಾನುವಾರ ಅಲ್ವಾ?" ಅಂತ ಕೇಳುವ ದೇಶ ಇದು.

ನಮ್ಮ ಕಡೆ ಭಾನುವಾರ ಅಂದರೆ ಮನೆ ತುಂಬ ಜನ, ಸಂಜೆ ಪೇಟೆ ಬೀದಿ, ಗೋಬಿ ಗಾಡಿಯ ಮುಂದೆ ನೂಕುನುಗ್ಗಲು. ಇಲ್ಲಿಗೆ ಬಂದ ಹೊಸದರಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ಭಾಷೆಯಲ್ಲ, ಚಳಿಯಲ್ಲ, ಈ ಭಾನುವಾರ. ಹಾಸ್ಟೆಲ್ ಕೋಣೆ, ಲ್ಯಾಪ್‌ಟಾಪ್, ಕಿಟಕಿಯಾಚೆ ಒಂದು ನರಪಿಳ್ಳೆಯೂ ಇಲ್ಲದ ರಸ್ತೆ. ಮಧ್ಯಾಹ್ನ ಹನ್ನೆರಡಕ್ಕೆ ಎದ್ದು ಎರಡು ಎಪಿಸೋಡ್ ನೋಡಿದರೆ ಹೊರಗೆ ಕತ್ತಲು.

ಆದರೆ ಅದೇ ಭಾನುವಾರ ರೈಲುಗಳು ಓಡುತ್ತವೆ. ಮ್ಯೂಸಿಯಂಗಳು ತೆರೆದಿರುತ್ತವೆ, ಅವು ಸಾಮಾನ್ಯವಾಗಿ ರಜೆ ತಗೊಳ್ಳೋದು ಸೋಮವಾರ. ಬೆಟ್ಟ, ಕಾಡು, ನದಿಗೆ ರಜೆಯೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಎಂ.ಎಸ್. ಓದಲು ಸ್ಟುಟ್‌ಗಾರ್ಟ್‌ಗೆ ಬಂದ ಮೇಲೆ ನಾನು ನನಗಾಗಿ ಮಾಡಿಕೊಂಡ ನಿಯಮ ಒಂದೇ: ಪರೀಕ್ಷೆಯ ವಾರಗಳನ್ನು ಬಿಟ್ಟು ಯಾವ ಭಾನುವಾರವೂ ಕೋಣೆಯಲ್ಲಿ ಇರಬಾರದು. ಬೆಳಿಗ್ಗೆ ಹೋಗಬೇಕು, ರಾತ್ರಿ ವಾಪಸ್ ಬರಬೇಕು, ಎಲ್ಲೂ ತಂಗಬಾರದು.

"ಓದೋಕೆ ಹೋಗಿದ್ದೀಯೋ, ತಿರುಗೋಕೋ?"

ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಮೂರನೇ ವಾರವೂ ಬೇರೆ ಬೇರೆ ಊರಿನ ಫೋಟೊ ಬಿದ್ದಾಗ ಅಮ್ಮ ಕೇಳಿದ್ದು ಈ ಪ್ರಶ್ನೆ. ಅಮ್ಮ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನನ್ನ ಓದಿಗೆ ಮನೆ ಪತ್ರ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆದಿದೆ. ಓದು ಮುಗಿಯುವವರೆಗೂ ಅಪ್ಪ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಾರೆ. ಅಂಥ ದುಡ್ಡಿನಲ್ಲಿ ಮಗಳು ಕೋಟೆ, ಜಲಪಾತ ಅಂತ ಓಡಾಡಿದರೆ ಯಾರಿಗೆ ತಾನೇ ಸಮಾಧಾನ?

ಹಾಗಾಗಿ ಅಮ್ಮನಿಗೆ ಲೆಕ್ಕವನ್ನೇ ಕೊಟ್ಟೆ. ನಿಮಗೂ ಕೊಡುತ್ತೇನೆ, ಮುಂದೆ ಬರುವವರಿಗೆ ಉಪಯೋಗವಾಗಬಹುದು.

ಜರ್ಮನಿಗೆ ಓದಲು ಬರುವವರು ವೀಸಾಕ್ಕೆ ಮೊದಲೇ ಒಂದು ವರ್ಷದ ಖರ್ಚಿನ ಹಣವನ್ನು 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆಯಲ್ಲಿ ಇಡಬೇಕು. ನಾನು ಬರುವ ಹೊತ್ತಿಗೆ ಅದು 11,904 ಯೂರೋ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಬಾಡಿಗೆ, ಆರೋಗ್ಯ ವಿಮೆ, ಊಟ ಎಲ್ಲ ಅದರಲ್ಲೇ. ಇದಲ್ಲದೆ ನಾವಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ಬೇರೆ.

ಇಷ್ಟರಲ್ಲಿ ತಿರುಗಾಟ ಹೇಗೆ? ಉತ್ತರ: ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಈ ಮಾಸಿಕ ಪಾಸ್ 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63 ಆಗಿದೆ. ವಯಸ್ಸಿನ ಮಿತಿಯೊಳಗಿನ ವಿದ್ಯಾರ್ಥಿಗಳಿಗೆ ಇನ್ನೂ ಕಡಿಮೆಗೆ ಸಿಗುತ್ತದೆ. ಇದೊಂದಿದ್ದರೆ ಇಡೀ ದೇಶದ ಸಿಟಿ ಬಸ್ಸು, ಟ್ರಾಮ್, ಮೆಟ್ರೊ, ಪ್ರಾದೇಶಿಕ ರೈಲು ಎಲ್ಲ ಹತ್ತಬಹುದು. ಐಸಿಇ ಥರದ ವೇಗದ ರೈಲು ಮಾತ್ರ ಇಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ವಂದೇ ಭಾರತ್ ಹತ್ತುವಂತಿಲ್ಲ, ಪ್ಯಾಸೆಂಜರ್ ಗಾಡಿಯಲ್ಲಿ ಎಲ್ಲಿಗೆ ಬೇಕಾದರೂ ಹೋಗಿ.

ಕಾಲೇಜಿಗೆ ಹೋಗಿಬರಲು ಆ ಪಾಸ್ ಹೇಗೂ ಬೇಕು. ಅಂದರೆ ಭಾನುವಾರದ ರೈಲಿಗೆ ಹೆಚ್ಚುವರಿ ಖರ್ಚು ಸೊನ್ನೆ. ಊಟಕ್ಕೆ ಡಬ್ಬಿಯಲ್ಲಿ ಚಿತ್ರಾನ್ನವೋ ಚಪಾತಿ ರೋಲೋ. ನೀರಿಗೆ ಮನೆಯ ಬಾಟಲಿ. ಖರೀದಿಸಿದರೂ ಖಾಲಿ ಬಾಟಲಿ ಎಸೆಯುವ ಹಾಗಿಲ್ಲ, ಅದನ್ನು ಅಂಗಡಿಯ ಮಷಿನ್‌ಗೆ ಹಾಕಿದರೆ 25 ಸೆಂಟ್ ಠೇವಣಿ ವಾಪಸ್ ಬರುತ್ತದೆ. ಮ್ಯೂಸಿಯಂ ಟಿಕೆಟ್ಟು, ಒಂದು ಕಾಫಿ, ಒಂದು ಬೆಣ್ಣೆ ಬ್ರೆಟ್ಸೆಲ್ ಸೇರಿ ಹತ್ತು ಯೂರೋ ದಾಟಬಾರದು ಎಂಬುದು ನನ್ನ ಎರಡನೇ ನಿಯಮ. ಒಂದು ಯೂರೋಗೆ ನೂರು ರೂಪಾಯಿಯ ಆಸುಪಾಸು ಅಂತ ಇಟ್ಟುಕೊಂಡರೂ, ಬೆಂಗಳೂರಿನ ಮಾಲ್‌ನಲ್ಲಿ ಸಿನಿಮಾ, ಪಾಪ್‌ಕಾರ್ನ್‌ಗೆ ಆಗುವಷ್ಟು.

ಅಮ್ಮ ಲೆಕ್ಕ ಕೇಳಿ ಸುಮ್ಮನಾದರು. ಒಪ್ಪಿದರು ಅಂತಲ್ಲ, ಸುಮ್ಮನಾದರು.

ಚರ್ಚಿನ ಮೆಟ್ಟಿಲು, ನೀಲಿ ಮಡಕೆ

ಮೊದಲ ಸುತ್ತಾಟ ಉಲ್ಮ್‌ಗೆ. ಸ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಯ ದಾರಿ. ಐನ್‌ಸ್ಟೈನ್ ಹುಟ್ಟಿದ್ದು ಈ ಊರಿನಲ್ಲಿ, 1879ರಲ್ಲಿ. ಆದರೆ ರೈಲಿನಿಂದಲೇ ಕಣ್ಣಿಗೆ ಬೀಳುವುದು ಚರ್ಚ್. ಗೋಪುರದ ಎತ್ತರ 161.53 ಮೀಟರ್. 1377ರಲ್ಲಿ ಅಡಿಗಲ್ಲು ಹಾಕಿದ್ದು ಮುಗಿದದ್ದು 1890ರಲ್ಲಿ. ಐನೂರು ವರ್ಷಕ್ಕೂ ಹೆಚ್ಚು! ನಾನು ನೋಡಿದಾಗ ಅದು ಜಗತ್ತಿನಲ್ಲೇ ಎತ್ತರದ ಚರ್ಚ್. ಮರುವರ್ಷ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಅದನ್ನು ಹಿಂದಿಕ್ಕಿತು. ಒಟ್ಟು 768 ಮೆಟ್ಟಿಲು. ದುರಸ್ತಿ ನಡೆಯುತ್ತಿದ್ದುದರಿಂದ ತುದಿಯವರೆಗೆ ಬಿಡುತ್ತಿರಲಿಲ್ಲ. ಬಿಟ್ಟಷ್ಟು ಹತ್ತಿದ್ದಕ್ಕೇ ಮರುದಿನ ಲ್ಯಾಬಿನಲ್ಲಿ ಕೂತವಳಿಗೆ ಏಳಲು ಆಗಲಿಲ್ಲ.

ಉಲ್ಮ್‌ನಿಂದ ಇನ್ನೊಂದು ಪುಟ್ಟ ರೈಲು ಹಿಡಿದರೆ ಕಾಲು ಗಂಟೆಯಲ್ಲಿ ಬ್ಲಾವ್‌ಬಾಯ್ರೆನ್. ಇಲ್ಲಿರುವ ಚಿಲುಮೆಯ ಹೆಸರು ಬ್ಲಾವ್‌ಟೋಪ್ಫ್, ಅಂದರೆ 'ನೀಲಿ ಮಡಕೆ'. ಸುಣ್ಣಕಲ್ಲಿನ ಗುಹೆಗಳಲ್ಲಿ ಹರಿದು ಬಂದ ನೀರು ಇಲ್ಲಿ ನೆಲದಿಂದ ಮೇಲೆದ್ದು ನದಿಯಾಗುತ್ತದೆ. ಇಪ್ಪತ್ತು ಮೀಟರಿಗೂ ಹೆಚ್ಚು ಆಳದ ಆ ಹೊಂಡದ ನೀಲಿ ಎಂಥದ್ದು ಅಂದರೆ, ಫೋಟೊ ಕಳಿಸಿದಾಗ ತಮ್ಮ "ಫಿಲ್ಟರ್ ಹಾಕಿದ್ದೀಯಾ" ಅಂದ. ಮಳೆ ಜೋರಾಗಿ ಬಂದ ಮೇಲೆ ಹೋದರೆ ನೀಲಿ ಸಿಗುವುದಿಲ್ಲ, ಹಸಿರೋ ಕಂದೋ ಆಗಿರುತ್ತದೆ. ಹೋಗುವವರು ಹವಾಮಾನ ನೋಡಿಕೊಂಡು ಹೋಗಿ.

ಅದೇ ಊರಿನ ಮ್ಯೂಸಿಯಂನಲ್ಲಿ ಒಂದು ಕೊಳಲಿದೆ. ರಣಹದ್ದಿನ ರೆಕ್ಕೆಯ ಮೂಳೆಯಲ್ಲಿ ಮಾಡಿದ್ದು, ಬೆರಳಿಡಲು ಐದು ತೂತು. ಹತ್ತಿರದ ಹೋಲೆ ಫೆಲ್ಸ್ ಎಂಬ ಗುಹೆಯಲ್ಲಿ 2008ರಲ್ಲಿ ಸಿಕ್ಕಿತು. ವಯಸ್ಸು ಸುಮಾರು 40 ಸಾವಿರ ವರ್ಷ. ಹಿಮಯುಗದಲ್ಲಿ, ಹೊರಗೆ ಮ್ಯಾಮತ್ ಆನೆಗಳು ಓಡಾಡುತ್ತಿದ್ದಾಗ, ಯಾರೋ ಕೂತು ಮೂಳೆಗೆ ತೂತು ಕೊರೆದು ಊದಿದ್ದಾರೆ. ಗಾಜಿನ ಪೆಟ್ಟಿಗೆಯ ಮುಂದೆ ತುಂಬ ಹೊತ್ತು ನಿಂತಿದ್ದೆ. ಆ ಚಳಿಯಲ್ಲೂ ಅವರಿಗೆ ಹೊಟ್ಟೆಪಾಡಿನ ಜೊತೆಗೆ ಇದೂ ಬೇಕಾಗಿತ್ತಲ್ಲ ಅನ್ನಿಸಿತು. ಅಮ್ಮನ ಪ್ರಶ್ನೆಗೆ ಲೆಕ್ಕಕ್ಕಿಂತ ಒಳ್ಳೆಯ ಉತ್ತರ ಅದೇ ಇತ್ತೇನೋ. ಫೋನಿನಲ್ಲಿ ಹೇಳಲು ಬರಲಿಲ್ಲ.

ಡಿಸೆಂಬರ್ ಎಂಬ ಪರೀಕ್ಷೆ

ಇಷ್ಟು ದಿನ ಇದು ನನ್ನೊಬ್ಬಳ ಕಥೆಯಾಗಿತ್ತು. ಡಿಸೆಂಬರ್ ಬಂತು. ಬೆಳಗಾಗುವುದು ಎಂಟು ದಾಟಿದ ಮೇಲೆ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ನಡುವಿನ ಬೆಳಕೂ ಬೂದಿ ಬಣ್ಣದ್ದು. ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ.

ನನ್ನ ಪಕ್ಕದ ಕೋಣೆಯಲ್ಲಿ ಹಾಸನ ಕಡೆಯ ಹುಡುಗಿ. ನನಗಿಂತ ಜಾಣೆ, ಜರ್ಮನ್ ಭಾಷೆಯೂ ನನಗಿಂತ ಚೆನ್ನಾಗಿ ಬರುತ್ತಿತ್ತು. ಅಕ್ಟೋಬರ್‌ನಲ್ಲಿ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಹಾಡು ಹೇಳುತ್ತಿದ್ದವಳು ಡಿಸೆಂಬರ್ ಹೊತ್ತಿಗೆ ಮಾತು ಕಡಿಮೆ ಮಾಡಿದಳು. ಆಮೇಲೆ ಕ್ಲಾಸಿಗೆ ಹೋಗುವುದು ಕಡಿಮೆಯಾಯಿತು. ಆಮೇಲೆ ಅಡುಗೆಮನೆಗೇ ಬರುವುದು ನಿಂತಿತು. ಒಂದು ರಾತ್ರಿ ಬಾಗಿಲು ತಟ್ಟಿದಾಗ ಕತ್ತಲಲ್ಲೇ ಕೂತಿದ್ದಳು. "ವಾಪಸ್ ಹೋಗ್ಬಿಡ್ತೀನಿ ಕಣೇ. ಆದ್ರೆ ಸಾಲ ತಗೊಂಡು ಬಂದು ಹಿಂಗೆ ಹೋದ್ರೆ ಅಪ್ಪಂಗೆ ಏನಂತ ಹೇಳ್ಲಿ?" ಅಂದಳು.

ಆ ಪ್ರಶ್ನೆಗೆ ನನ್ನಲ್ಲೂ ಉತ್ತರ ಇರಲಿಲ್ಲ. ಇಲ್ಲಿ ವಿದ್ಯಾರ್ಥಿಗಳಿಗೆ ಆಪ್ತಸಮಾಲೋಚನೆಯ ವ್ಯವಸ್ಥೆ ಇದೆ. ಇಬ್ಬರೂ ಕೂತು ಅದಕ್ಕೆ ಇಮೇಲ್ ಬರೆದೆವು, ಅಪಾಯಿಂಟ್‌ಮೆಂಟ್‌ಗೆ ಕಾಯಬೇಕಿತ್ತು. ಆ ಭಾನುವಾರ ಬೆಳಿಗ್ಗೆ ಚಿತ್ರಾನ್ನದ ಡಬ್ಬಿ ಎರಡು ಕಟ್ಟಿದೆ. "ಬಾರೇ, ಎಲ್ಲಿಗೆ ಅಂತ ಕೇಳ್ಬೇಡ" ಅಂದೆ. ಅವಳು ಕೇಳಲೂ ಇಲ್ಲ. ಕೇಳುವಷ್ಟು ಉತ್ಸಾಹವೂ ಇರಲಿಲ್ಲ ಅನ್ನಿ.

ಮೆಟ್ಜಿಂಗನ್‌ನಲ್ಲಿ ರೈಲು ಬದಲಿಸಿ ಬಾಡ್ ಉರಾಖ್ ಕಡೆಗೆ. ಅಲ್ಲಿ ಜಲಪಾತದ ಹೆಸರಿನದೇ ಒಂದು ನಿಲ್ದಾಣವಿದೆ. ಇಳಿದು ಹಳ್ಳದ ಪಕ್ಕ ಕಾಡಿನ ದಾರಿಯಲ್ಲಿ ನಡೆದರೆ 37 ಮೀಟರ್ ಎತ್ತರದಿಂದ ಬೀಳುವ ನೀರು. ಜೋಗದ ಮುಂದೆ ಅದು ಮಗು. ಆದರೆ ಅವತ್ತು ಅಂಚಿನಲ್ಲೆಲ್ಲ ನೀರು ಹೆಪ್ಪುಗಟ್ಟಿ ಬಿಳಿ ಜಡೆಗಳ ಹಾಗೆ ಇಳಿಬಿದ್ದಿತ್ತು, ನಡುವೆ ಮಾತ್ರ ಹರಿಯುತ್ತಿತ್ತು. ದಾರಿಯುದ್ದಕ್ಕೂ ವಯಸ್ಸಾದ ದಂಪತಿಗಳು ಕೋಲು ಊರಿಕೊಂಡು ನಡೆಯುತ್ತಿದ್ದರು. ಎದುರಾದವರೆಲ್ಲ "ಗ್ರ್ಯೂಸ್ ಗಾಟ್" ಅಂತ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ನಗರದಲ್ಲಿ ಮುಖ ನೋಡದ ಜನ ಕಾಡಿನಲ್ಲಿ ನಮಸ್ಕಾರ ಹೇಳುತ್ತಾರೆ! ಇದು ಈ ಸೀಮೆಯ ಪದ್ಧತಿ.

ಮೇಲೆ ಹತ್ತಿ ಬೆಂಚಿನ ಮೇಲೆ ಕೂತು ಡಬ್ಬಿ ತೆರೆದೆವು. ಚಿತ್ರಾನ್ನ ತಣ್ಣಗೆ ಕಲ್ಲಾಗಿತ್ತು. ಅವಳು ಪೂರ್ತಿ ತಿಂದಳು. ವಾರದಿಂದ ಅವಳು ಪೂರ್ತಿ ತಿಂದಿದ್ದು ನಾನು ನೋಡಿರಲಿಲ್ಲ. ವಾಪಸ್ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಇಳಿಯುವಾಗ "ಮುಂದಿನ ವಾರ ಎಲ್ಲಿಗೆ?" ಅಂತ ಕೇಳಿದಳು.

ಒಂದು ಜಲಪಾತ ನೋಡಿ ಮನಸ್ಸು ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅವಳು ಆಪ್ತಸಮಾಲೋಚಕರ ಹತ್ತಿರ ತಿಂಗಳುಗಟ್ಟಲೆ ಹೋದಳು, ಅದರಿಂದ ತುಂಬ ಸಹಾಯವಾಯಿತು. ಆದರೆ ಎರಡು ಭೇಟಿಗಳ ನಡುವೆ ದಿನಗಳು ಇರುತ್ತವಲ್ಲ, ಅವನ್ನು ದಾಟಬೇಕು. ಬುಧವಾರದ ಹೊತ್ತಿಗೆ ಮ್ಯಾಪ್ ತೆಗೆದು ಭಾನುವಾರದ ರೈಲು ಹುಡುಕುವುದು ನಮಗೆ ಆ ದಿನಗಳನ್ನು ದಾಟಲು ಒಂದು ಹಗ್ಗವಾಯಿತು.

ನಮ್ಮ ನಿಘಂಟಿನ ಊರುಗಳು

ಈ ಸೀಮೆಗೂ ಕನ್ನಡಕ್ಕೂ ಹಳೆಯ ನಂಟಿದೆ ಅಂತ ಶಾಲೆಯಲ್ಲಿ ಓದಿದ್ದೆ. ಅದು ನಮ್ಮ ಪಾಸ್‌ನಲ್ಲೇ ಹೋಗಿಬರುವಷ್ಟು ಹತ್ತಿರ ಅಂತ ಗೊತ್ತಿರಲಿಲ್ಲ.

ಸ್ಟುಟ್‌ಗಾರ್ಟ್‌ನಿಂದ ಲೋಕಲ್ ರೈಲಿನಲ್ಲಿ ಕಾಲು ಗಂಟೆಗೆ ಎಸ್ಲಿಂಗನ್. ದ್ರಾಕ್ಷಿ ತೋಟದ ಇಳಿಜಾರು, ಅದರ ಕೆಳಗೆ ಮರದ ಚೌಕಟ್ಟಿನ ಹಳೇ ಮನೆಗಳು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ ತೀರಿಕೊಂಡದ್ದು ಈ ಊರಿನಲ್ಲಿ, 1881ರಲ್ಲಿ. ಅಲ್ಲಿಂದ ನೆಕರ್ ನದಿಯ ಗುಂಟ ಮೇಲೆ ಹೋದರೆ 1477ರಲ್ಲಿ ಶುರುವಾದ ವಿಶ್ವವಿದ್ಯಾಲಯದ ಊರು ಟ್ಯೂಬಿಂಗನ್. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದದ್ದು ಇಲ್ಲಿ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆಯ ಮುಂದೆ ಎಷ್ಟು ಸಲ ಬಸ್ಸಿನಲ್ಲಿ ಹಾದುಹೋಗಿದ್ದೇನೋ.

ಇನ್ನೊಂದು ಭಾನುವಾರ ಲೋಕಲ್ ರೈಲಿನಲ್ಲಿ ವೈಲ್ ಡೆರ್ ಸ್ಟಾಟ್‌ಗೆ, ಅಲ್ಲಿಂದ ಬಸ್ಸಿನಲ್ಲಿ ಕಾಲ್ವ್‌ಗೆ. ಮೊದಲನೆಯದು ಗ್ರಹಗಳ ಚಲನೆಯ ನಿಯಮ ಕೊಟ್ಟ ಕೆಪ್ಲರ್ 1571ರಲ್ಲಿ ಹುಟ್ಟಿದ ಊರು. ಎರಡನೆಯದು 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆಯ ಊರು. ಅವರ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ, ಅಜ್ಜ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದವರು. ನದಿಯ ಸೇತುವೆ ಮೇಲೆ ಹ್ಯಾಟು ಕೈಯಲ್ಲಿ ಹಿಡಿದು ನಿಂತ ಹೆಸ್ಸೆಯ ಕಂಚಿನ ಪ್ರತಿಮೆ ಇದೆ. ನಮ್ಮ ಕ್ಲಾಸಿನ ಮಲಯಾಳಿ ಹುಡುಗ ಅದರ ಪಕ್ಕ ನಿಂತು ಮನೆಗೆ ವಿಡಿಯೊ ಕಾಲ್ ಮಾಡಿದ್ದೇ ಮಾಡಿದ್ದು.

ಟ್ಯೂಬಿಂಗನ್‌ನ ನದಿ ದಂಡೆಯಲ್ಲಿ ಕೂತಾಗ ಹಾಸನದ ಹುಡುಗಿ ಹೇಳಿದ್ದು ನೆನಪಿದೆ. "ಮೊಗ್ಲಿಂಗ್ ಮಂಗಳೂರಿಗೆ ಬಂದಿದ್ದು 1836ರಲ್ಲಿ. ವಿಡಿಯೊ ಕಾಲ್ ಇಲ್ಲ, ವಿಮಾನ ಇಲ್ಲ. ಊಟ ಬೇರೆ, ಸೆಖೆ ಬೇರೆ. ಅವರಿಗೂ ಡಿಸೆಂಬರ್ ಥರದ್ದೊಂದು ಇದ್ದಿರುತ್ತೆ ಅಲ್ವಾ?" ಅವರು ಬಂದದ್ದು ಮತಪ್ರಚಾರಕ್ಕೆ, ನಾವು ಬಂದದ್ದು ನೌಕರಿಗೆ ಬೇಕಾದ ಒಂದು ಡಿಗ್ರಿಗೆ. ಹೋಲಿಕೆ ಸರಿಯಲ್ಲ. ಆದರೂ ಒಂದು ಮಾತು ನಿಜ: ನಿಘಂಟಿಗೆ ಬೇಕಾದಷ್ಟು ಮಾತು ಕೋಣೆಯಲ್ಲಿ ಕೂತು ಕಲಿಯಲು ಬರುವುದಿಲ್ಲ. ಯಾರನ್ನಾದರೂ ಹೋಗಿ ಕೇಳಲೇಬೇಕು.

ಫೋನ್ ಮಾಡಿದರೆ ಬರುವ ಬಸ್ಸು

ಮಾರ್ಚ್‌ನಲ್ಲಿ ಬೆಟ್ಟದ ಮೇಲಿನ ಒಂದು ಹಳ್ಳಿಗೆ ಹೋಗಿದ್ದೆವು. ವಾಪಸ್ ಬರುವ ಬಸ್ಸಿನ ಸಮಯದ ಪಕ್ಕ ಟೈಮ್‌ಟೇಬಲ್‌ನಲ್ಲಿ ಒಂದು ಟೆಲಿಫೋನ್ ಚಿತ್ರ. ಇದು 'ರೂಫ್‌ಬುಸ್', ಕರೆದರೆ ಮಾತ್ರ ಬರುವ ಬಸ್ಸು. ಜನ ಕಡಿಮೆ ಇರುವ ಕಡೆ ಖಾಲಿ ಬಸ್ಸು ಓಡಿಸುವ ಬದಲು, ಮುಂಚಿತವಾಗಿ ಫೋನ್ ಮಾಡಿ ಹೇಳಿದರೆ ವ್ಯಾನ್ ಕಳಿಸುತ್ತಾರೆ. ಫೋನ್ ಎತ್ತುವವರು ಮಾತಾಡುವುದು ಸ್ವಾಬಿಯನ್ ಜರ್ಮನ್. ಪುಸ್ತಕದ ಜರ್ಮನ್ ಕಲಿತು ಬಂದವರಿಗೆ ಅದು ಮಂಡ್ಯದ ಕನ್ನಡ ಕಲಿತವನು ಕಲಬುರಗಿ ಸಂತೆಗೆ ಹೋದ ಹಾಗೆ.

ನಾನು ನಂಬರ್ ಒತ್ತಿ ಅವಳ ಕೈಗೆ ಕೊಟ್ಟೆ. ಮೂರು ತಿಂಗಳ ಹಿಂದೆ ಅಪ್ಪನ ಫೋನೂ ಎತ್ತದಿದ್ದವಳು, ಬಸ್ ನಿಲ್ದಾಣದ ಹೆಸರು, ಎಷ್ಟು ಜನ, ಎಷ್ಟು ಗಂಟೆಗೆ ಎಲ್ಲವನ್ನೂ ಹೇಳಿದಳು. ಆ ಕಡೆಯವರು ಏನೋ ತಮಾಷೆ ಮಾಡಿದರು, ಇವಳು ನಕ್ಕಳು. ಸರಿಯಾದ ಸಮಯಕ್ಕೆ ಒಂಬತ್ತು ಸೀಟಿನ ವ್ಯಾನ್ ಬಂತು. ಒಳಗೆ ನಾವಿಬ್ಬರೇ. ಚಾಲಕರು ದಾರಿಯುದ್ದಕ್ಕೂ ಇಂಡಿಯಾದ ಬಗ್ಗೆ ಪ್ರಶ್ನೆ ಕೇಳಿದರು, ಉತ್ತರವೆಲ್ಲ ಅವಳದೇ.

ಅದೇ ಬೇಸಿಗೆಯಲ್ಲಿ ಅವಳಿಗೆ ಒಂದು ಕಂಪನಿಯಲ್ಲಿ ಪಾರ್ಟ್‌ಟೈಮ್ ಕೆಲಸ ಸಿಕ್ಕಿತು. ಇಲ್ಲಿ ನಮ್ಮಂಥ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಇಂಟರ್‌ವ್ಯೂನಲ್ಲಿ ಜರ್ಮನ್ ಎಲ್ಲಿ ಕಲಿತಿರಿ ಅಂತ ಕೇಳಿದರಂತೆ. "ಬಸ್ ಸ್ಟಾಪ್‌ನಲ್ಲಿ ಅಂದೆ ಕಣೇ" ಅಂದಳು. ಬಿಟ್ಟಿದ್ದ ಎರಡು ಪೇಪರ್ ಮುಂದಿನ ಸೆಮಿಸ್ಟರ್‌ನಲ್ಲಿ ಬರೆದು ಮುಗಿಸಿದಳು. ವಾಪಸ್ ಹೋಗುವ ಮಾತು ಆಮೇಲೆ ಬರಲಿಲ್ಲ.

ಬರುವವರಿಗೆ ನಾಲ್ಕು ಮಾತು

ಹೊರದೇಶಕ್ಕೆ ಓದಲು ಹೊರಟಿರುವವರು, ತಮ್ಮನೋ ತಂಗಿಯೋ ಹೊರಟಿರುವವರು ಇದನ್ನು ಓದುತ್ತಿದ್ದರೆ, ನನ್ನ ಅನುಭವದಿಂದ ಇಷ್ಟು:

ಒಂದು, ದೊಡ್ಡ ಟ್ರಿಪ್‌ಗೆ ಕಾಯಬೇಡಿ. ಪ್ಯಾರಿಸ್, ರೋಮ್ ಎಲ್ಲ ಆಮೇಲೆ ಆಗುತ್ತದೆ. ಒಂದು ಗಂಟೆ ದೂರದ ಊರು ಸಾಕು.

ಎರಡು, ಹೋಗುವ ರೈಲಿಗಿಂತ ಬರುವ ರೈಲನ್ನು ಮೊದಲು ನೋಡಿ. ಭಾನುವಾರ ಹಳ್ಳಿಗಳಲ್ಲಿ ಬಸ್ಸು ಎರಡು ಗಂಟೆಗೊಂದು ಇದ್ದರೆ ಪುಣ್ಯ. ರೈಲುಗಳೂ ಸಮಯಕ್ಕೆ ಬಂದೇ ಬರುತ್ತವೆ ಎಂಬುದು ಹಳೇ ಕಾಲದ ಮಾತು. ಕೊನೆಯ ಗಾಡಿಯನ್ನು ನಂಬದೆ ಅದರ ಹಿಂದಿನದಕ್ಕೆ ಹೊರಡಿ.

ಮೂರು, ಗಡಿ ದಾಟುವಂತಿದ್ದರೆ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಜೇಬಲ್ಲಿರಲಿ. ತಪಾಸಣೆ ಇಲ್ಲ ಅಂತ ನಂಬಿ ಹೋಗಬೇಡಿ.

ನಾಲ್ಕು, ಪಕ್ಕದ ಕೋಣೆಯವರನ್ನು ಕರೆಯಿರಿ. ಬರಲ್ಲ ಅಂದರೆ ಮುಂದಿನ ವಾರ ಮತ್ತೆ ಕರೆಯಿರಿ. ಯಾರಾದರೂ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡಿದ್ದರೆ ಅದು ಸೋಮಾರಿತನವೇ ಆಗಿರಬೇಕೆಂದಿಲ್ಲ.

ನನ್ನ ಥೀಸಿಸ್ ಈಗ ಕೊನೆಯ ಹಂತದಲ್ಲಿದೆ. ಭಾನುವಾರಗಳು ಹೆಚ್ಚು ಉಳಿದಿಲ್ಲ. ಅಮ್ಮ ಆ ಪ್ರಶ್ನೆ ಕೇಳುವುದು ಬಿಟ್ಟು ತುಂಬ ದಿನವಾಯಿತು. ಅಪ್ಪ ಮಾತ್ರ ಪ್ರತಿ ಶನಿವಾರ ರಾತ್ರಿ ಫೋನ್ ಮಾಡಿ "ಈ ವಾರ ಯಾವೂರು ಪುಟ್ಟಿ?" ಅಂತಾರೆ. ಊರಿನ ಹೆಸರು ಎರಡೆರಡು ಸಲ ಹೇಳಿಸಿಕೊಂಡು ಮ್ಯಾಪಿನಲ್ಲಿ ಹುಡುಕುತ್ತಾರೆ.

ಈ ವಾರ ಲಿಂಡಾವ್. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್ ಮೂರೂ ದೇಶಗಳ ನಡುವಿನ ದೊಡ್ಡ ಸರೋವರದ ದಂಡೆಯ ಊರು. ಬಂದರಿನ ಬಾಯಲ್ಲಿ ಒಂದು ಕಡೆ ಕಲ್ಲಿನ ಸಿಂಹ, ಇನ್ನೊಂದು ಕಡೆ ದೀಪಸ್ತಂಭ. ರೈಲು ಹುಡುಕಿದ್ದು ಹಾಸನದ ಹುಡುಗಿ, ಜೊತೆಗೆ ಈ ಸೆಮಿಸ್ಟರ್ ಬಂದ ದಾವಣಗೆರೆಯ ಹುಡುಗನನ್ನೂ ಕರೆದಿದ್ದಾಳೆ. ಮೂರು ವಾರದಿಂದ ಅವನು ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಚಿತ್ರಾನ್ನ ನನ್ನ ಪಾಲಿಗೆ, ಈ ಸಲ ಮೂರು ಡಬ್ಬಿ.